ಎರಡು ಸಲ ಹೇಳಿ

ಫೆಬ್ರವರಿ 3

ಇವತ್ತು ಗಡಿಯಾಚೆಯವರು ಬಂದಿದ್ದರು. ನಾಲ್ಕು ಜನ, ನಾಲ್ವರ ಮುಖದಲ್ಲೂ ನಗು. ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದು ನಗುವಂಥದ್ದು ಏನು ಕಂಡರೋ. ಇಪ್ಪತ್ತೇಳು ವರ್ಷದಿಂದ ಅಲ್ಲೇ ಕೂತಿರುವ ನನಗಂತೂ ಕಂಡಿಲ್ಲ.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ‘ಈಯಮ್ಮಂದು ಇದ್ದಿದ್ದೇ’ ಅನ್ನುತ್ತಾರೆ. ಅದಕ್ಕೇ ಬರುವಾಗ ಈ ನೋಟ್‌ಬುಕ್ಕು ಕೊಂಡುತಂದೆ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇರುತ್ತದೆ. ಯಾರೂ ಓದಬೇಕಾಗಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥರು, ಅಂದರೆ ದೊಡ್ಡ ಡಾಕ್ಟರು, ಒಂದೊಂದೇ ಕಬ್ಬಿಣದ ಬೀರು ತೆರೆದು ತೋರಿಸಿದರು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕು ಮಾಡಿ ಇಟ್ಟಿರುತ್ತೇವೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದೊಂದರ ಮೇಲೂ ಒಂದು ನಂಬರು. ಲಕ್ಷಕ್ಕೂ ಮೇಲಿವೆ. ಸತ್ತವರದ್ದೂ ಬದುಕಿರುವವರದ್ದೂ ಒಂದೇ ಡ್ರಾಯರಿನಲ್ಲಿ ಅಕ್ಕಪಕ್ಕ ಇರುತ್ತವೆ. ಅವುಗಳ ಬೀಗದಕೈ ನನ್ನ ಸೊಂಟದಲ್ಲಿ.

ಬಂದವರಿಗೆಲ್ಲ ಯಜಮಾನಿ ಒಬ್ಬ ಉದ್ದನೆಯ ಹೆಂಗಸು. ಬಾಗಿಲಿಗೆ ತಲೆ ತಾಗದಂತೆ ಕುತ್ತಿಗೆ ಬಗ್ಗಿಸಿ ಒಳಗೆ ಬಂದಳು. ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟೆ. ನಮ್ಮ ಭಾಷೆಯನ್ನು ಪುಸ್ತಕ ಓದಿದ ಹಾಗೆ ಮಾತಾಡುತ್ತಾಳೆ. ಇನ್ನೊಬ್ಬರ ಭಾಷೆಯನ್ನು ಅಷ್ಟು ಕಷ್ಟಪಟ್ಟು ಕಲಿತಿದ್ದಾಳೆ ಅಂದರೆ ಅವರಿಂದ ಏನೋ ಬೇಕಾಗಿರಬೇಕು.

ಒಂದು ಡ್ರಾಯರ್ ಎಳೆದು ಕೇಳಿದಳು, “ಈ ಕೆಂಪು ಚೀಟಿಗಳು ಯಾವುವು?”

ಬ್ಲಾಕು ಹೊರಗೆ ಹೋದರೆ ಅದರ ಜಾಗದಲ್ಲಿ ಕೆಂಪು ಚೀಟಿ ಇಡುವುದು ನಮ್ಮ ಪದ್ಧತಿ. ತಾರೀಖು, ಒಯ್ದವರ ಹೆಸರು, ನನ್ನ ಸಹಿ. ವಾಪಸು ಬಂದ ದಿನ ಚೀಟಿ ಹರಿಯುತ್ತೇನೆ.

“ಹದಿನಾಲ್ಕು ವರ್ಷದ ಹಿಂದೆ ನಿಮ್ಮಂಥವರೇ ಒಂದಷ್ಟು ಜನ ಬಂದಿದ್ರು. ಇನ್ನೂರ ಹನ್ನೆರಡು ಬ್ಲಾಕು ತಗೊಂಡು ಹೋದ್ರು. ಚೀಟಿ ಮಾತ್ರ ಉಳ್ಕೊಂಡಿದೆ,” ಎಂದೆ.

ದೊಡ್ಡ ಡಾಕ್ಟರು ಕೆಮ್ಮಿದರು. ಕೊಕ್ಕರೆ ಚೀಟಿಯನ್ನು ಮುಟ್ಟಿ ನೋಡಿದಳು. ಬಣ್ಣ ಹೋಗಿ ಗುಲಾಬಿಯಾಗಿದೆ. ಆ ಇನ್ನೂರ ಹನ್ನೆರಡರಲ್ಲಿ ಒಂದು ಒಬ್ಬ ಬಸ್ ಡ್ರೈವರನದು. ಎಂಟು ವರ್ಷದ ಮೇಲೆ ಅವನಿಗೆ ಕಾಯಿಲೆ ಮರುಕಳಿಸಿತು, ಹಳೆಯದರೊಂದಿಗೆ ಹೋಲಿಸಿ ನೋಡಬೇಕಿತ್ತು, ನೋಡಲು ಏನೂ ಇರಲಿಲ್ಲ. ಅವನ ಹೆಂಡತಿಗೆ ಉತ್ತರ ಹೇಳಿದ್ದು ನಾನು. ಒಯ್ದವರಲ್ಲ.

ಫೆಬ್ರವರಿ 9

ಮೀಟಿಂಗಿನಲ್ಲಿ ನನ್ನನ್ನೂ ಕೂರಿಸಿದ್ದರು, ಮೂಲೆಯಲ್ಲಿ. ವಿಷಯ ಇಷ್ಟು: ನಲವತ್ತೈದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದ ಹೆಂಗಸರ ಬ್ಲಾಕುಗಳನ್ನು ಎರಡೂ ದೇಶದವರು ಸೇರಿ ಪರೀಕ್ಷೆ ಮಾಡುವುದು. ಕಾಯಿಲೆ ವಂಶದಲ್ಲಿ ಇಳಿದು ಬಂದದ್ದೋ ಅಲ್ಲವೋ ಅಂತ ತಿಳಿಯುವ ಯಂತ್ರ ಅವರ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ. ತಿಳಿದದ್ದನ್ನು ಮನೆಯವರಿಗೆ ಕಾಗದದಲ್ಲಿ ತಿಳಿಸುತ್ತಾರಂತೆ.

ಒಪ್ಪಂದ ಹನ್ನೆರಡು ಪುಟ. ಎಲ್ಲರೂ ಮೊದಲ ಪುಟ ನೋಡಿ ತಲೆಯಾಡಿಸಿದರು. ನಾನು ಒಂಬತ್ತನೆಯ ಪುಟದವರೆಗೆ ಹೋದೆ.

“ಪರೀಕ್ಷೆ ಆದ್ಮೇಲೆ ಉಳಿದಿದ್ದು ಎಲ್ಲಿರುತ್ತೆ? ಇಲ್ಲಿ ಬರೆದೇ ಇಲ್ವಲ್ಲ.”

ದೊಡ್ಡ ಡಾಕ್ಟರು ನನ್ನ ಕಡೆ ನೋಡಿದ ನೋಟಕ್ಕೆ ಬೇರೆಯವಳಾಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಕೊಕ್ಕರೆ ಮಾತ್ರ ಪೆನ್ನು ತೆಗೆದು, “ನೀವು ಹೇಳಿದ್ದು ಸರಿ. ಪ್ರತಿಯೊಂದು ಬ್ಲಾಕೂ ಆರು ತಿಂಗಳೊಳಗೆ ಇಲ್ಲಿಗೆ ಹಿಂತಿರುಗತಕ್ಕದ್ದು,” ಎಂದು ಅಲ್ಲೇ ಬರೆದು ಸಹಿ ಹಾಕಿದಳು.

ಇಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಸರಿಬರಲಿಲ್ಲ. ಮಾತು ಉಳಿಸಿಕೊಳ್ಳುವವರು ಸ್ವಲ್ಪವಾದರೂ ಚೌಕಾಸಿ ಮಾಡುತ್ತಾರೆ.

ಫೆಬ್ರವರಿ 17

ಪಟ್ಟಿ ಬಂತು. ಮುನ್ನೂರು ನಂಬರು.

ಮೂರನೆಯ ಹಾಳೆಯಲ್ಲಿ ಮೇಲಿನಿಂದ ಹನ್ನೊಂದನೆಯದು ನನ್ನ ತಂಗಿಯದು.

ಆ ನಂಬರನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅವಳ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದವಳು ನಾನೇ. ಜೊತೆಯ ಟೆಕ್ನೀಷಿಯನ್ ನಿಧಾನಪ್ಪ (ಎರಡು ಮಕ್ಕಳ ತಂದೆ, ಕೆಲಸದಲ್ಲಿ ನಿಧಾನ, ಅದಕ್ಕೇ ಆ ಹೆಸರು) ಅವತ್ತು, “ಮೇಡಂ, ಇದೊಂದು ನಾನು ಮಾಡ್ತೀನಿ, ನೀವು ಮನೆಗೆ ಹೋಗಿ,” ಎಂದಿದ್ದ. ಬಿಡಲಿಲ್ಲ. ಅವನು ಓರೆಯಾಗಿ ಕೂರಿಸಿಬಿಟ್ಟರೆ? ನೆಟ್ಟಗೆ ಕೂರಿಸಿ, ಆಮೇಲೆ ಕೈತೊಳೆಯುವ ಜಾಗದಲ್ಲಿ ನಿಂತು ಅತ್ತೆ. ಅವಳು ಒಂದೂವರೆ ವರ್ಷ ಬದುಕಿದಳು. ಹೋಗುವಾಗ ನಲವತ್ತೊಂದು. ಈಗ ಮೂರೂವರೆ ವರ್ಷವಾಯಿತು.

ಅವಳ ಗಂಡ ಬೇರೆ ಮದುವೆಯಾಗಿ ಬೇರೆ ಊರಿನಲ್ಲಿದ್ದಾನೆ. ಮಗಳು ನನ್ನ ಜೊತೆ. ಇಪ್ಪತ್ತನಾಲ್ಕು ವರ್ಷ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ, ಆದರೆ ನಾನು ಎಲ್ಲರ ಹತ್ತಿರವೂ ‘ನನ್ನ ಮಗಳು’ ಅಂತಲೇ ಹೇಳುವುದು.

ಊಟದ ಹೊತ್ತಿನಲ್ಲಿ ಅವಳಿಗೆ ಪಟ್ಟಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಉಪ್ಪು ಕೊಡು ಎಂದೆ.

ಫೆಬ್ರವರಿ 18

ಕೊಡುವುದಿಲ್ಲ. ಕೆಂಪು ಚೀಟಿಯಾಗಿ ಅವಳು ಅಲ್ಲಿ ಬಣ್ಣಗೆಡುವುದು ನನಗೆ ಬೇಡ.

ಫೆಬ್ರವರಿ 20

ಮಾಡಿದೆ.

ಕೆಲವರದು ಆರು ಏಳು ಬ್ಲಾಕು ಇರುತ್ತವೆ, ಒಂದು ಕಡಿಮೆಯಾದರೂ ಯಾರಿಗೂ ತಿಳಿಯುವುದಿಲ್ಲ. ತಂಗಿಯ ವಯಸ್ಸಿನವಳೇ, ಅದೇ ವರ್ಷದವಳು, ಪಟ್ಟಿಯಲ್ಲಿ ಇಲ್ಲದವಳು ಒಬ್ಬಳಿದ್ದಾಳೆ. ಅವಳದೊಂದು ತೆಗೆದು, ಮೇಣ ಕರಗಿಸಿ, ಚೂರನ್ನು ಹೊಸ ಅಚ್ಚಿನಲ್ಲಿ ಕೂರಿಸಿ, ಮೇಲೆ ತಂಗಿಯ ನಂಬರು ಬರೆದೆ. ಅವಳ ನಂಬರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಓದಿದರೆ ಸಾಕ್ಷಿಯಾಗುತ್ತದೆ.

ತಂಗಿಯ ಬ್ಲಾಕನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಬಟ್ಟೆಯ ಬೀರುವಿನ ಕೆಳಗಿನ ಅರೆಯಲ್ಲಿದೆ, ಅಲ್ಲಿ ತಂಪು.

ಇದರಿಂದ ಯಾರಿಗೂ ನಷ್ಟವಿಲ್ಲ. ಮುನ್ನೂರರಲ್ಲಿ ಒಂದು. ಅವರ ಲೆಕ್ಕಾಚಾರ ಹೇಗಿದ್ದರೂ ಅವರಿಗೆ ಬೇಕಾದ ಹಾಗೇ ಬರುತ್ತದೆ. ಚೀಟಿ ಇಡದೆ ಬ್ಲಾಕು ತೆಗೆದದ್ದು ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು. ಅದೊಂದು ಮನಸ್ಸಿಗೆ ಚುಚ್ಚುತ್ತಿದೆ.

ಮಾರ್ಚ್ 4

ಪೆಟ್ಟಿಗೆ ಹೋಯಿತು. ಮುನ್ನೂರು ಬ್ಲಾಕು, ಜೊತೆಗೆ ಅವುಗಳ ಸ್ಲೈಡುಗಳು. ಅವರು ಕಳಿಸಿದ ಪೆಟ್ಟಿಗೆಯೊಳಗೆ ಗುಂಡಿಯಂಥ ಒಂದು ಸಾಧನವಿತ್ತು. ದಾರಿಯುದ್ದಕ್ಕೂ ಬಿಸಿ ಎಷ್ಟಾಯಿತು ಎಂದು ಬರೆದಿಟ್ಟುಕೊಳ್ಳುತ್ತದಂತೆ. ನಾವು ಮಾತಾಡುವುದನ್ನೂ ಬರೆದಿಟ್ಟುಕೊಳ್ಳುತ್ತದೋ ಏನೋ. ಅದು ಇದ್ದಷ್ಟು ಹೊತ್ತು ನಿಧಾನಪ್ಪನಿಗೆ ಸನ್ನೆಯಲ್ಲೇ ಕೆಲಸ ಹೇಳಿದೆ.

ಮಗಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ದೊಡ್ಡಮ್ಮಾ, ನೀನು ನಿಧಾನಪ್ಪನ್ನ ಬೈಯೋದನ್ನ ಕೇಳೋಕೆ ಒಂದು ದೇಶಾನೇ ಕಾಯ್ತಾ ಕೂತಿರುತ್ತಾ?”

ಮುನ್ನೂರು ಕೆಂಪು ಚೀಟಿಗೆ ಸಹಿ ಹಾಕಿ ಮಣಿಕಟ್ಟು ನೋಯುತ್ತಿದೆ.

ಮಾರ್ಚ್ 19

ಆಚೆಯ ಲ್ಯಾಬಿನಲ್ಲಿ ನನ್ನ ಹಾಗೇ ಟೆಕ್ನೀಷಿಯನ್ ಕೆಲಸ ಮಾಡುವವಳೊಬ್ಬಳು ಇದ್ದಾಳೆ. ಅವಳಿಂದ ಇಮೇಲ್. ಯಂತ್ರದಿಂದ ನಮ್ಮ ಭಾಷೆಗೆ ತಿರುಗಿಸಿ ಕಳಿಸಿದ್ದಾಳೆ: ‘ಗೌರವಾನ್ವಿತ ಸಹೋದ್ಯೋಗಿಯೇ, ಎಂಬತ್ತೆಂಟನೆಯ ಬ್ಲಾಕಿನ ಮೂಲೆ ಮುರಿದಿದೆ. ಅದು ನಿಮ್ಮಲ್ಲೇ ಹಾಗಿತ್ತೇ, ಅಥವಾ ನನ್ನ ಕೈಯ ತಪ್ಪೇ?’

ನಮ್ಮಲ್ಲೇ ಹಾಗಿತ್ತು. ಆದರೆ ಇಷ್ಟು ಸಣ್ಣದನ್ನು ಹುಡುಕುವವಳು ಬೇರೆ ಏನನ್ನಾದರೂ ಹುಡುಕದೆ ಬಿಡುತ್ತಾಳೆಯೇ?

ಕೆಳಗೆ ಇನ್ನೊಂದು ಪ್ರಶ್ನೆ. ನಮ್ಮ ಸ್ಲೈಡುಗಳಲ್ಲಿ ಒಂದು ಸುಕ್ಕೂ ಇಲ್ಲವಂತೆ, ನೀರಿನ ಬಿಸಿ ಎಷ್ಟಿಡುತ್ತೀರಿ ಅಂತ. ಬ್ಲಾಕಿನಿಂದ ಕೊಯ್ದ ತೆಳು ಪದರವನ್ನು ಬಿಸಿನೀರಿನಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ನೀರಿನ ಬಿಸಿಯಲ್ಲೇ ಎಲ್ಲ ಇರುವುದು. ನಾನು ಇಡುವುದು ನಲವತ್ತಮೂರು ಡಿಗ್ರಿ. ಬೆಣ್ಣೆ ಹಚ್ಚಿ ಗುಟ್ಟು ಕೇಳುತ್ತಿದ್ದಾಳೆ! ನಲವತ್ತೆಂಟು ಎಂದು ಬರೆದು ಕಳಿಸಿದೆ.

ಮಾರ್ಚ್ 26

ಅವಳ ಉತ್ತರ: ‘ನಲವತ್ತೆಂಟರಲ್ಲಿ ಪದರಗಳು ವಿಪರೀತ ಹರಡಿ ಹರಿಯುತ್ತಿವೆ. ನನ್ನ ಕೈಯಲ್ಲೇ ದೋಷವಿರಬೇಕು. ಇನ್ನೂ ಅಭ್ಯಾಸ ಮಾಡುತ್ತೇನೆ.’

ಮಾಡಲಿ.

ಏಪ್ರಿಲ್ 2

ಆಸ್ಪತ್ರೆಯ ಗೋಡೆಗೆ ದೊಡ್ಡ ಡಾಕ್ಟರು ಪ್ರಕಟಣೆ ಹಚ್ಚಿಸಿದ್ದಾರೆ, ಯಾವ ವರ್ಷದ ಯಾವ ರೋಗಿಗಳ ಬ್ಲಾಕು ಹೋಗಿದೆ ಅಂತ. ಮಗಳು ನನಗೆ ಛತ್ರಿ ಕೊಡಲು ಬಂದವಳು ಓದಿಬಿಟ್ಟಿದ್ದಾಳೆ.

“ಅಮ್ಮಂದೂ ಹೋಗಿದೆಯಾ ದೊಡ್ಡಮ್ಮ?”

“ಹೋಗಿದೆ.”

“ಮತ್ತೆ ನನಗೆ ಹೇಳಲೇ ಇಲ್ಲ?”

“ಮರೆತೆ.”

ಇಬ್ಬರೂ ಬಸ್ಸು ಹತ್ತಿದೆವು. ಆಮೇಲೆ ಹೇಳಿದಳು, ಪ್ರತಿ ವರ್ಷ ಸ್ಕ್ಯಾನಿಗೆ ಹೋಗುವ ಹಿಂದಿನ ವಾರ ಅವಳಿಗೆ ಊಟ ಸೇರುವುದಿಲ್ಲವಂತೆ. ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾಳಂತೆ. “ಈಗ ಏನೋ ಒಂದು ಗೊತ್ತಾಗುತ್ತಲ್ಲ, ಬಿಡು. ಇಲ್ಲ ಅಂದ್ರೆ ಇಲ್ಲ, ಇದೆ ಅಂದ್ರೆ ಇದೆ.”

ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಛತ್ರಿಯನ್ನು ಬಸ್ಸಿನಲ್ಲೇ ಬಿಟ್ಟು ಬಂದೆ.

ಏಪ್ರಿಲ್ 23

ನಾಲ್ಕು ದಿನ ಜ್ವರ. ನಾನಿಲ್ಲದಾಗಲೇ ಎರಡನೆಯ ಪಟ್ಟಿ ಬಂದು, ನಿಧಾನಪ್ಪನೇ ನೂರು ಬ್ಲಾಕು ತುಂಬಿ ಕಳಿಸಿದ್ದಾನೆ. ಎಂದೂ ಇಲ್ಲದ ಚುರುಕು ಇದೇ ವಾರ ಬರಬೇಕಿತ್ತೇ? ಚೀಟಿಗಳನ್ನು ಒಂದೊಂದಾಗಿ ನೋಡಿದೆ. ನಾನು ಚೂರು ತೆಗೆದುಕೊಂಡಿದ್ದ ಆ ಇನ್ನೊಬ್ಬಳ ನಂಬರೂ ಅದರಲ್ಲಿದೆ.

ಇರಲಿ. ನಾಲ್ಕು ನೂರರಲ್ಲಿ ಯಾರು ಅಷ್ಟು ನೋಡುತ್ತಾರೆ?

ಮೇ 19

ಮನೆಗೆ ಕಾಗದ ಬಂತು. ಲಕೋಟೆಯ ಮೇಲೆ ನನ್ನ ಹೆಸರು. ಮಗಳ ಹೆಸರಲ್ಲ, ನನ್ನದು! ದೊಡ್ಡ ಡಾಕ್ಟರು ನನ್ನ ಮೇಲೆ ಕಣ್ಣಿಟ್ಟಿದ್ದಾರೆಯೇ?

ನಾನು ಬರುವಷ್ಟರಲ್ಲಿ ಮಗಳು ಒಡೆದು ಓದಿದ್ದಳು. ‘ವಂಶದಲ್ಲಿ ಇಳಿದುಬರುವಂಥ ಬದಲಾವಣೆ ಕಂಡುಬಂದಿಲ್ಲ.’ ಒದ್ದೆ ಕೂದಲಲ್ಲೇ ಓಡಿಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಈಜುವವರ ತೋಳು, ನನ್ನಂಥ ದಪ್ಪಗಿನವಳೂ ಹಗುರ.

“ಇಲ್ವಂತೆ ದೊಡ್ಡಮ್ಮ! ನನಗೇನೂ ಬರಲ್ವಂತೆ!”

ಬರುವುದಿಲ್ಲ ಎಂದು ಯಾರೂ ಬರೆದಿಲ್ಲ, ಕಂಡಿಲ್ಲ ಎಂದಷ್ಟೇ ಬರೆದಿದ್ದಾರೆ. ಅದೂ ಕಂಡಿಲ್ಲದ್ದು ಬೇರೆ ಯಾರಲ್ಲೋ. ಸಿಹಿ ತಂದಿದ್ದಳು. ಕೊಟ್ಟದ್ದನ್ನು ತಿಂದೆ. ಅವಳು ಎರಡು ತಟ್ಟೆ ಊಟ ಮಾಡಿದಳು.

ಮೇ 27

ಮುಂದಿನ ತಿಂಗಳ ಸ್ಕ್ಯಾನ್ ಬೇಡವೆಂದು ಫೋನು ಮಾಡಿ ಹೇಳಿಬಿಟ್ಟಿದ್ದಾಳೆ.

“ಯಾಕೆ ಬೇಡ ಅಂದೆ? ಹೋಗಿ ಬಾ. ಆ ಕಾಗದಾನ ಏನು ನಂಬೋದು?”

“ನೀನು ಯಾವುದನ್ನ ನಂಬ್ತೀಯ ಹೇಳು ನೋಡೋಣ? ಹವಾಮಾನ ನಂಬಲ್ಲ, ಹಾಲಿನವನ್ನ ನಂಬಲ್ಲ. ನನಗೂ ಒಂದು ವರ್ಷ ನೆಮ್ಮದಿಯಾಗಿ ಇರೋಕೆ ಬಿಡು.”

ಬಾಗಿಲು ಹಾಕಿಕೊಂಡಳು. ಒಳಗೆ ಹಾಡು ಗುನುಗುತ್ತಿದ್ದಳು.

ಜೂನ್ 6

ದೊಡ್ಡ ಡಾಕ್ಟರು ಕೋಣೆಗೆ ಕರೆದರು. ಕಂಪ್ಯೂಟರಿನಲ್ಲಿ ಕೊಕ್ಕರೆಯ ಮುಖ. ನಗು ಇರಲಿಲ್ಲ.

“ಕ್ಷಮೆ ಕೇಳಬೇಕಾಗಿದೆ,” ಎಂದಳು. “ಎರಡು ಬೇರೆ ಬೇರೆ ನಂಬರುಗಳು ಒಬ್ಬಳೇ ಮಹಿಳೆಯವು ಎಂದು ಪರೀಕ್ಷೆಯಲ್ಲಿ ತಿಳಿಯಿತು. ನಮ್ಮ ಲ್ಯಾಬಿನಲ್ಲಿ ಬ್ಲಾಕುಗಳು ಬೆರೆತಿವೆ. ತಪ್ಪು ನಮ್ಮದು.”

ನಂಬರು ಓದಿದಳು. ಒಂದು ತಂಗಿಯದು, ಇನ್ನೊಂದು ನಾನು ಚೂರು ತೆಗೆದುಕೊಂಡವಳದು. ತನಿಖೆ ಮುಗಿಯುವವರೆಗೆ ಆಚೆಯ ಟೆಕ್ನೀಷಿಯನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರಂತೆ. ನಮ್ಮ ಕಡೆ ಬೆರೆಯುವ ಸಾಧ್ಯತೆಯೇ ಇಲ್ಲ ಎಂದು ದೊಡ್ಡ ಡಾಕ್ಟರು ನನ್ನ ಭುಜ ತಟ್ಟಿದರು. “ಇವರ ಕೈಯಲ್ಲಿ ಒಂದು ಸೂಜಿ ಕೂಡ ಆಚೆ ಈಚೆ ಆಗಲ್ಲ.”

ನಮಸ್ಕಾರ ಹೇಳಿ ನೆಲಮಾಳಿಗೆಗೆ ಇಳಿದುಬಂದೆ. ಇದು ಬಲೆಯಿರಬಹುದು. ತಪ್ಪು ತಮ್ಮದೆಂದು ಮೊದಲೇ ಯಾರು ಒಪ್ಪಿಕೊಳ್ಳುತ್ತಾರೆ? ನನ್ನ ಬಾಯಿಂದ ಬರಲಿ ಅಂತ ಕಾಯುತ್ತಿರಬಹುದು.

ಜೂನ್ 7

ಆಚೆಯ ಟೆಕ್ನೀಷಿಯನ್ ಹೆಂಗಸಿನ ಇಮೇಲ್. ‘ಗೌರವಾನ್ವಿತ ಸಹೋದ್ಯೋಗಿಯೇ, ಮಾರ್ಚ್‌ನಿಂದ ನಾನು ಮಾಡಿದ ಪ್ರತಿ ಕೆಲಸವನ್ನೂ ಮತ್ತೆ ನೆನಪು ಮಾಡಿಕೊಂಡೆ. ತಪ್ಪು ಎಲ್ಲಾಯಿತೆಂದು ಕಾಣುತ್ತಿಲ್ಲ. ಆದರೆ ಆಗಿದೆಯಲ್ಲ, ಆದ್ದರಿಂದ ನನ್ನ ಕೈಯೇ ಇರಬೇಕು. ನಿಮಗೆ ಏನಾದರೂ ಹೊಳೆದರೆ ತಿಳಿಸಿ.’

ಹತ್ತು ಸಲ ಓದಿದೆ. ಇದರಲ್ಲಿ ಎಲ್ಲಿ ಬಲೆಯಿದೆ ಎಂದು ಹುಡುಕಿದೆ. ಯಂತ್ರದ ಭಾಷೆ, ಆದರೂ ಅಳುತ್ತಾ ಬರೆದದ್ದು ತಿಳಿಯುತ್ತದೆ.

ಜೂನ್ 8

ಆ ಮೇ ತಿಂಗಳ ಕಾಗದ ನನ್ನ ಹೆಸರಿಗೆ ಯಾಕೆ ಬಂತು? ಅದೊಂದನ್ನು ತಿಳಿದುಕೊಳ್ಳೋಣವೆಂದು ದಾಖಲೆ ಕೋಣೆಗೆ ಹೋಗಿ ತಂಗಿಯ ಫೈಲು ತೆಗೆಸಿದೆ. ದೊಡ್ಡ ಡಾಕ್ಟರ ಕೈವಾಡ ಹಿಡಿಯಬೇಕೆಂದೇ ಹೋದದ್ದು.

ಒಪ್ಪಿಗೆ ಪತ್ರವಿತ್ತು. ಆಸ್ಪತ್ರೆಯವರು ಎಲ್ಲರ ಹತ್ತಿರವೂ ಓದಿಸದೆ ಸಹಿ ಹಾಕಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವಳು ಓದಿದ್ದಾಳೆ. ‘ನನ್ನ ಅಂಗಾಂಶವನ್ನು ಸಂಶೋಧನೆಗೆ, ಹೊರದೇಶಕ್ಕೂ, ಕಳಿಸಬಹುದು’ ಎಂಬ ಸಾಲಿನ ಮುಂದೆ ‘ಹೌದು’ ಎಂದು ಗುಂಡಗೆ ಬರೆದಿದ್ದಾಳೆ. ಕೊನೆಯ ಕಾಲಂ: ಏನಾದರೂ ತಿಳಿದುಬಂದರೆ ಯಾರಿಗೆ ತಿಳಿಸಬೇಕು? ಅಲ್ಲಿ ನನ್ನ ಹೆಸರು, ವಿಳಾಸ. ಜಾಗ ಸಾಲದೆ ಅಂಚಿನಲ್ಲಿ ಒತ್ತಿ ಒತ್ತಿ ಬರೆದದ್ದು:

‘ನನ್ನ ಅಕ್ಕ. ಮೊದಲ ಸಲ ನಂಬುವುದಿಲ್ಲ. ಎರಡು ಸಲ ಹೇಳಿ.’

ದಾಖಲೆ ಕೋಣೆಯ ಗುಮಾಸ್ತ ನೀರು ತಂದುಕೊಟ್ಟ. ಯಾಕೆ ನಗ್ತಿದ್ದೀರಿ ಮೇಡಂ ಎಂದು ಕೇಳಿದ. ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಜೂನ್ 9

“ಸರ್, ತಪ್ಪು ಆಚೆ ಆಗಿಲ್ಲ. ಇಲ್ಲಿ ಆಗಿದೆ. ನಾನೇ ಮಾಡಿದ್ದು, ಬೇಕಂತಲೇ.”

“ಕೂತ್ಕೊಳ್ಳಿ.”

“ನಿಂತೇ ಹೇಳ್ತೀನಿ.”

ಹೇಳಿದೆ. ದೊಡ್ಡ ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ.

“ಮನೆಯವರು ಬೇಡ ಅಂದ್ರೆ ಆ ನಂಬರ್ ತೆಗೀಬಹುದಿತ್ತು ಕಣ್ರೀ. ಒಂದು ಅರ್ಜಿ, ಒಂದು ಸಹಿ. ಯಾಕೆ ಕೇಳಲಿಲ್ಲ?”

“ನೀವು ಒಪ್ಪಲ್ಲ ಅಂದ್ಕೊಂಡೆ.”

“ಕೇಳಿದ್ರಾ?”

“ಇಲ್ಲ.”

ಕೈ ಚಾಚಿದರು. ಸೊಂಟದಿಂದ ಬೀಗದಕೈ ಬಿಚ್ಚಿಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಮೇಲಿನ ಮಹಡಿಯಲ್ಲಿ ಸ್ಲೈಡಿಗೆ ಬಣ್ಣ ಹಾಕುವ ಕೆಲಸ. ಬ್ಲಾಕುಗಳ ಉಗ್ರಾಣ ನಿಧಾನಪ್ಪನಿಗೆ. ಆಚೆಯವರಿಗೆ ತಾವೇ ಬರೆಯುವುದಾಗಿ ಹೇಳಿದರು. ನಾನೂ ಬರೆಯಬೇಕು ಸರ್ ಎಂದೆ.

ಬರೆದೆ. ನಡೆದದ್ದು ನಡೆದ ಹಾಗೆ. ‘ನಿಮ್ಮ ಕೈಯಲ್ಲಿ ಯಾವ ತಪ್ಪೂ ಇಲ್ಲ’ ಎಂಬುದನ್ನು ಮೊದಲಲ್ಲೂ ಕೊನೆಯಲ್ಲೂ ಹಾಕಿದೆ. ಅದರ ಕೆಳಗೆ: ‘ನೀರು ನಲವತ್ತಮೂರು ಡಿಗ್ರಿ. ನಲವತ್ತೆಂಟು ಅಂದದ್ದು ಸುಳ್ಳು.’

ಜೂನ್ 10

ಮಗಳಿಗೆ ಹೇಳಿದೆ. ಕನ್ನಡಕದ ಡಬ್ಬಿ ಮೇಜಿನ ಮೇಲಿಟ್ಟೆ. ಅದರ ಕಡೆ ನೋಡುತ್ತಲೇ ಇದ್ದಳು.

“ಅಮ್ಮನ್ನ ಕನ್ನಡಕದ ಡಬ್ಬೀಲಿ ಇಟ್ಕೊಂಡಿದ್ರಾ?”

“ಹೊರಗೆ ಕಳಿಸೋಕೆ ಮನಸ್ಸು ಬರಲಿಲ್ಲ ಕಣೇ.”

“ಆ ಸಿಹಿ ತಿಂದ್ರಲ್ಲ ಅವತ್ತು. ನಾನು ಕುಣೀತಿದ್ದೆ, ನೀವು ನೋಡ್ತಾ ಕೂತಿದ್ರಿ.”

ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಅನ್ನುತ್ತಿದ್ದವಳು. ಈ ಬಹುವಚನಕ್ಕಿಂತ ಒಂದು ಏಟು ಕೊಟ್ಟಿದ್ದರೆ ಆಗುತ್ತಿತ್ತು. ಡಬ್ಬಿ ತೆರೆದು, ಬ್ಲಾಕನ್ನು ಬೆಳಕಿಗೆ ಹಿಡಿದಳು. ಬಿಳಿ ಮೇಣದೊಳಗೆ ಬೂದು ಬಣ್ಣದ, ಹೆಬ್ಬೆರಳ ಉಗುರಿನಷ್ಟು ಅಗಲದ ಚೂರು.

“ಇಷ್ಟೇನಾ?” ಎಂದಳು. ಆಮೇಲೆ ಅತ್ತಳು. ಹತ್ತಿರ ಹೋದರೆ ಕೈ ತಳ್ಳಿದಳು.

ಜೂನ್ 13

ಮಗಳೇ ಬ್ಲಾಕು ತಂದು ನಿಧಾನಪ್ಪನ ಕೈಗೆ ಕೊಟ್ಟಳು. ನಾನು ಮುಟ್ಟುವ ಹಾಗಿಲ್ಲ. ಗಾಜಿನ ಬಾಗಿಲಾಚೆ ನಿಂತು ನೋಡಿದೆ. ಹತ್ತಿಯಲ್ಲಿ ಸುತ್ತಿದ, ನಂಬರು ಓದಿದ, ಮತ್ತೊಮ್ಮೆ ಓದಿದ, ಪೆಟ್ಟಿಗೆಯಲ್ಲಿಟ್ಟ. ಆಮೇಲೆ ಡ್ರಾಯರ್ ಎಳೆದು, ಮಾರ್ಚಿನ ಚೀಟಿ ಹರಿದು, ಹೊಸ ಕೆಂಪು ಚೀಟಿ ಇಟ್ಟ. ನಿಧಾನವೇ, ಆದರೆ ನೆಟ್ಟಗೆ ಮಾಡುತ್ತಾನೆ. ಮೊದಲಿನಿಂದಲೂ ಹೀಗೇ ಮಾಡುತ್ತಿದ್ದನೋ ಏನೋ, ನಾನು ನೋಡಿರಲಿಲ್ಲ.

ಮಗಳು ಸ್ಕ್ಯಾನಿಗೆ ಮತ್ತೆ ಹೆಸರು ಬರೆಸಿ, ನನಗೆ ಹೇಳದೆ ಹೋದಳು.

ಜುಲೈ 2

ಆಚೆಯವಳ ಉತ್ತರ ಮೂರು ವಾರಕ್ಕೆ ಬಂತು. ‘ನನ್ನನ್ನು ಮತ್ತೆ ಕೆಲಸಕ್ಕೆ ಕೂರಿಸಿದ್ದಾರೆ. ನಿಮ್ಮ ಮೇಲೆ ನನಗೆ ಬಹಳ ಕೋಪವಿದೆ. ನಲವತ್ತಮೂರು ಸರಿಯಾಗಿದೆ.’

ಈ ಸಲ ‘ಗೌರವಾನ್ವಿತ’ ಇರಲಿಲ್ಲ. ಕೋಪ ಇದೆ ಎಂದು ನೇರವಾಗಿ ಬರೆದದ್ದು ಒಳ್ಳೆಯದೇ ಆಯಿತು.

ಇವತ್ತೇ ಮೊದಲ ಕಂತಿನ ಪೆಟ್ಟಿಗೆಯೂ ವಾಪಸು ಬಂತು. ಆರು ತಿಂಗಳೆಂದವರು ನಾಲ್ಕೇ ತಿಂಗಳಿಗೆ ಕಳಿಸಿದ್ದಾರೆ. ನಿಧಾನಪ್ಪ ಮೇಲೆ ಬಂದು, “ಎಣಿಸೋಕೆ ನೀವೂ ಬನ್ನಿ ಮೇಡಂ, ಮುಟ್ಬೇಡಿ ಅಷ್ಟೇ,” ಎಂದ. ಅವನು ಎಣಿಸಿದ, ನಾನು ನೋಡಿದೆ. ಮುನ್ನೂರಕ್ಕೆ ಮುನ್ನೂರು. ಎಂಬತ್ತೆಂಟನೆಯದರ ಮುರಿದ ಮೂಲೆಗೆ ಹೊಸ ಮೇಣ ತುಂಬಿದ್ದಾಳೆ. ಇನ್ನೊಂದು ಸಲ ಎಣಿಸು ಎನ್ನಲು ಹೊರಟು ಸುಮ್ಮನಾದೆ.

ಜುಲೈ 24

ಕಾಗದ. ಲಕೋಟೆಯ ಮೇಲೆ ನನ್ನ ಹೆಸರು. ಮಗಳು ಒಡೆಯದೆ ಮೇಜಿನ ಮೇಲಿಟ್ಟು ಎದುರು ಕೂತಿದ್ದಳು. ಒಡೆಯಲು ನನ್ನ ಕೈ ಬರಲಿಲ್ಲ. ಅವಳೇ ಓದಿದಳು.

‘ವಂಶದಲ್ಲಿ ಇಳಿದುಬರುವಂಥ ಬದಲಾವಣೆ ಕಂಡುಬಂದಿದೆ. ಮಕ್ಕಳೂ ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಬದಲಾವಣೆ ಎಲ್ಲರಲ್ಲೂ ಇರಬೇಕೆಂದಿಲ್ಲ. ಇದ್ದರೆ ಬೇಗ ಪತ್ತೆ ಹಚ್ಚಲು ದಾರಿಗಳಿವೆ.’

ನಾನು ಅವಳ ಮುಖ ನೋಡುತ್ತಿದ್ದೆ. ಅವಳಿಗೆ ಏನಾಗುತ್ತದೋ, ಹೇಗೆ ಸಮಾಧಾನ ಮಾಡಲಿ, ಇದೇ ಯೋಚನೆ. ಅವಳು ಮಾತ್ರ ಎರಡನೆಯ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿದಳು, ಜೋರಾಗಿ.

“ಒಡಹುಟ್ಟಿದವರು ಅಂದ್ರೆ ನೀನೇ ತಾನೆ ದೊಡ್ಡಮ್ಮ?”

ಈ ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿ ನೋಡಿದೆ. ಕೊಕ್ಕರೆ, ದೊಡ್ಡ ಡಾಕ್ಟರು, ನಿಧಾನಪ್ಪ, ಪೆಟ್ಟಿಗೆಯೊಳಗಿನ ಗುಂಡಿ, ಯಾರನ್ನೂ ಬಿಟ್ಟಿಲ್ಲ. ನನಗೂ ಬರಬಹುದು ಎಂಬ ಮಾತು ಒಂದು ಪುಟದಲ್ಲೂ ಇಲ್ಲ. ತಂಗಿಗೆ ಅದು ಐದು ವರ್ಷದ ಹಿಂದೆಯೇ ಹೊಳೆದಿತ್ತು. ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ನನಗೋಸ್ಕರ ಅಂಚಿನಲ್ಲಿ ಬರೆದಿಟ್ಟು ಹೋಗಿದ್ದಳು.

ಜುಲೈ 27

ಇಬ್ಬರೂ ರಕ್ತ ಕೊಟ್ಟು ಬಂದೆವು. ಮಗಳು ಮೊದಲು. ನಾನು ಸೂಜಿಯ ಕಡೆ ನೋಡಲಿಲ್ಲ, ಅವಳು ನನ್ನ ಇನ್ನೊಂದು ಕೈ ಹಿಡಿದುಕೊಂಡಿದ್ದಳು. ನನಗೆ ಭಯವಾಗಿದೆ. ಅದನ್ನು ಇಲ್ಲಿ ಬರೆಯುವುದಕ್ಕೆ ಏನು.

ಎರಡು ಚಿಕ್ಕ ಕೊಳವೆಗಳು. ನಾಡಿದ್ದು ಪೆಟ್ಟಿಗೆಯಲ್ಲಿ ಗಡಿ ದಾಟುತ್ತವೆ.

ಒಪ್ಪಿಗೆ ಪತ್ರ ನಾಲ್ಕು ಪುಟ. ನಾಲ್ಕನ್ನೂ ಓದಿದೆ. ಉಳಿದ ರಕ್ತ ಎಲ್ಲಿರುತ್ತದೆಂದು ಕೇಳಿದೆ, ನರ್ಸು ನಿಟ್ಟುಸಿರು ಬಿಟ್ಟು ಹೋಗಿ ವಿಚಾರಿಸಿಕೊಂಡು ಬಂದಳು, ಮಗಳು ತಲೆ ಚಚ್ಚಿಕೊಂಡಳು. ಉತ್ತರ ಸರಿಯಾಗಿತ್ತು. ಸಹಿ ಹಾಕಿದೆ.

ಕೊನೆಯ ಕಾಲಂ ಅದೇ. ಏನಾದರೂ ತಿಳಿದುಬಂದರೆ ಯಾರಿಗೆ ತಿಳಿಸಬೇಕು? ನನ್ನ ಹೆಸರು ಬರೆದೆ, ಜೊತೆಗೆ ಮಗಳ ಹೆಸರೂ. ಅಂಚಿನಲ್ಲಿ ಸ್ವಲ್ಪ ಜಾಗವಿತ್ತು.

‘ಒಂದು ಸಲ ಹೇಳಿದರೆ ಸಾಕು,’ ಎಂದು ಬರೆದುಕೊಟ್ಟೆ.